ಮುಖವೂ ಗೊತ್ತು, ಹೆಸರೂ ಗೊತ್ತು, ಯಾರಿಗೆ ಯಾರು ಅನ್ನೋದೇ ಗೊತ್ತಾಗಲ್ಲ!

ಪ್ರಶ್ನೆ: ನನಗೆ 64 ವರ್ಷ. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಕಳೆದ ತಿಂಗಳು ನೆಂಟರ ಮದುವೆಗೆ ಹೋಗಿದ್ದೆ. ಬಂದವರ ಮುಖವೆಲ್ಲ ಗುರುತು ಸಿಕ್ಕಿತು. ಹೆಸರುಗಳೂ ನೆನಪಿದ್ದವು. ಆದರೆ ಯಾರ ಹೆಂಡತಿ ಯಾರು, ಯಾರ ಮಗ ಯಾರು ಅನ್ನೋದು ಪೂರ್ತಿ ಕಲಸಿಹೋಯಿತು. ಒಬ್ಬರ ಹತ್ತಿರ ಹೋಗಿ "ಬಾಣಂತಿ ಹೇಗಿದ್ದಾಳಪ್ಪ?" ಅಂತ ಕೇಳಿಬಿಟ್ಟೆ. ಹೆತ್ತವಳು ಅವರ ತಮ್ಮನ ಹೆಂಡತಿ! ಪಕ್ಕದಲ್ಲೇ ನಿಂತಿದ್ದ ಅವರ ಹೆಂಡತಿಯ ಮುಖ ನೋಡೋಕಾಗಲಿಲ್ಲ. ಏಳನೇ ಕ್ಲಾಸಿನ ಮೊಮ್ಮಗನದೂ ಇದೇ ಕಥೆ. ಅಣೆಕಟ್ಟುಗಳ ಹೆಸರು ಬರುತ್ತೆ, ನದಿಗಳ ಹೆಸರೂ ಬರುತ್ತೆ. 'ಹೊಂದಿಸಿ ಬರೆಯಿರಿ'ಯಲ್ಲಿ ಮಾತ್ರ ಐದಕ್ಕೆ ಎರಡು. ನನಗೆ ಮರೆವಿನ ಕಾಯಿಲೆ ಶುರುವಾಗಿದೆಯಾ? ಅವನಿಗೆ ಏನಾಗಿದೆ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲೇ ಒಂದು ಒಳ್ಳೆ ಸುದ್ದಿ ಇದೆ. ನೀವು ಮುಖ ಮರೆತಿಲ್ಲ, ಹೆಸರು ಮರೆತಿಲ್ಲ. ಮೊಮ್ಮಗನೂ ಅಣೆಕಟ್ಟು ಮರೆತಿಲ್ಲ, ನದಿ ಮರೆತಿಲ್ಲ. ಇಬ್ಬರಿಗೂ ಕೈಕೊಟ್ಟದ್ದು ಒಂದೇ: ಇದಕ್ಕೆ ಅದು ಅನ್ನುವ ಗಂಟು. ಮನೆಯಲ್ಲಿ ನಾವು ಇದನ್ನೂ ಮರೆವು ಅಂತಲೇ ಕರೆಯುತ್ತೇವೆ. ನೆನಪಿನ ಬಗ್ಗೆ ಕೆಲಸ ಮಾಡುವವರು ಹಾಗೆ ಕರೆಯುವುದಿಲ್ಲ. ವಸ್ತುವನ್ನು ನೆನಪಿಡುವುದು ಒಂದು ಕೆಲಸ, ಎರಡು ವಸ್ತುಗಳ ನಂಟನ್ನು ನೆನಪಿಡುವುದು ಇನ್ನೊಂದು ಕೆಲಸ. ಮೊದಲನೆಯದು ಗಟ್ಟಿಯಾಗಿದ್ದು ಎರಡನೆಯದು ಕುಂಟಬಹುದು.

ಮನಶ್ಶಾಸ್ತ್ರ ಪಾಠ ಮಾಡುವಾಗ ನಾನು ಒಂದು ಆಟ ಆಡಿಸುತ್ತೇನೆ. ನೀವೂ ಮನೆಯಲ್ಲಿ ಆಡಿ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಜೋಡಿ ಪದ ಬರೆದುಕೊಳ್ಳಿ. ಏಣಿ–ಮಜ್ಜಿಗೆ, ಕೊಡೆ–ಬೆಲ್ಲ, ಗಡಿಯಾರ–ಎಮ್ಮೆ, ಹೀಗೆ. ಒಂದೊಂದು ಜೋಡಿಯನ್ನೂ ಐದು ಸೆಕೆಂಡ್ ತೋರಿಸಿ. ಸ್ವಲ್ಪ ಹೊತ್ತು ಬೇರೆ ಮಾತಾಡಿ. ಆಮೇಲೆ ಕೇಳಿ: "ಏಣಿ–ಮಜ್ಜಿಗೆ ಇತ್ತಾ?" "ಕೊಡೆ–ಎಮ್ಮೆ ಇತ್ತಾ?" "ಕೊಡಲಿ–ಸಕ್ಕರೆ ಇತ್ತಾ?" ಮೂರನೆಯದಕ್ಕೆ ಎಲ್ಲರೂ ಇಲ್ಲ ಅಂತ ತಟ್ಟನೆ ಹೇಳುತ್ತಾರೆ. ಕೊಡಲಿಯನ್ನು ಅವರು ನೋಡೇ ಇಲ್ಲ. ತಡವರಿಸುವುದು ಎರಡನೆಯದಕ್ಕೆ. ಕೊಡೆಯೂ ಇತ್ತು, ಎಮ್ಮೆಯೂ ಇತ್ತು, ಎರಡೂ ಪರಿಚಯದ್ದೇ. ಜೋಡಿ ಮಾತ್ರ ಸುಳ್ಳು. ಮದುವೆಮನೆಯಲ್ಲಿ ನಿಮಗೆ ಎದುರಾದದ್ದು ಇದೇ 'ಕೊಡೆ–ಎಮ್ಮೆ'.

ಹೀಗೆ ಜೋಡಿ ಕೊಟ್ಟು ನೆನಪನ್ನು ಅಳೆಯುವ ಪದ್ಧತಿಗೆ 125 ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ. ಅದಕ್ಕೂ ಮೊದಲು, 1885ರ ಹೊತ್ತಿಗೆ, ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದಿದ್ದ. ಜೋಡಿಯ ಪದ್ಧತಿ ತಂದವರು ಅಮೆರಿಕದ ಮೇರಿ ವಿಟನ್ ಕಾಲ್ಕಿನ್ಸ್. 1890ರ ದಶಕದಲ್ಲಿ ಅವರು ಒಂದು ಬಣ್ಣ, ಒಂದು ಅಂಕಿ ಜೊತೆಯಾಗಿ ತೋರಿಸಿ, ಆಮೇಲೆ ಬಣ್ಣ ಮಾತ್ರ ತೋರಿಸಿ ಅಂಕಿ ಕೇಳುತ್ತಿದ್ದರು. ಜೋಡಿ ಎಷ್ಟು ಸಲ ಕಣ್ಣಿಗೆ ಬಿತ್ತು, ಎಷ್ಟು ಇತ್ತೀಚೆಗೆ ಬಿತ್ತು, ಎಷ್ಟು ಎದ್ದು ಕಾಣುವಂತಿತ್ತು, ಎಲ್ಲವನ್ನೂ ಬದಲಿಸಿ ನೋಡಿದರು. ಎಲ್ಲಕ್ಕಿಂತ ಬಲವಾಗಿದ್ದದ್ದು ಮೊದಲನೆಯದು, ಎಷ್ಟು ಸಲ ಅನ್ನೋದು. ಅವರು ಓದಿದ್ದು ಹಾರ್ವರ್ಡ್‌ನಲ್ಲಿ. ಪರೀಕ್ಷಿಸಿದ ಪ್ರೊಫೆಸರುಗಳು ಡಾಕ್ಟರೇಟ್ ಕೊಡಬೇಕು ಅಂದರು. ಹೆಂಗಸು ಅನ್ನುವ ಒಂದೇ ಕಾರಣಕ್ಕೆ ವಿಶ್ವವಿದ್ಯಾಲಯ ಕೊಡಲಿಲ್ಲ. ಆಮೇಲೆ, ಹೆಂಗಸರಿಗೆಂದೇ ಇದ್ದ ರಾಡ್‌ಕ್ಲಿಫ್ ಕಾಲೇಜಿನಿಂದ ಡಿಗ್ರಿ ತಗೊಳ್ಳಿ ಅಂದಾಗ ಕಾಲ್ಕಿನ್ಸ್ ಬೇಡ ಅಂದುಬಿಟ್ಟರು. 1905ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಮೊದಲ ಮಹಿಳಾ ಅಧ್ಯಕ್ಷೆಯಾದರು. ನಿಮ್ಮ ಪ್ರಶ್ನೆಗೆ ಇದು ನೇರವಾಗಿ ಬೇಕಿಲ್ಲ, ನಿಜ. ಆದರೂ ಜೋಡಿ ಪದಗಳ ವಿಷಯ ಬಂದಾಗ ಅವರ ಹೆಸರು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಸರಿ, ಈಗ ಗಂಟಿನ ವಿಷಯ. ಒಬ್ಬರನ್ನು ನೋಡಿದಾಗ ಗುರುತು ಎರಡು ದಾರಿಯಲ್ಲಿ ಸಿಗುತ್ತದೆ. ಒಂದು, "ಎಲ್ಲೋ ನೋಡಿದ ಹಾಗಿದೆಯಲ್ಲ" ಅನ್ನಿಸುವುದು. ಇನ್ನೊಂದು, "ಓ, ಇವರು ಅರಸೀಕೆರೆ ಬಸ್‌ಸ್ಟಾಂಡಿನಲ್ಲಿ ನಮ್ಮ ಬ್ಯಾಗ್ ಇಳಿಸಿಕೊಟ್ಟವರು" ಅಂತ ಸಂದರ್ಭ ಸಮೇತ ನೆನಪಾಗುವುದು. ಜಾರ್ಜ್ ಮ್ಯಾಂಡ್ಲರ್ ಎಂಬ ವಿದ್ವಾಂಸರು 1980ರಲ್ಲಿ ಕೊಟ್ಟ ಉದಾಹರಣೆ ಇಂದಿಗೂ ಪಾಠಗಳಲ್ಲಿ ಓಡಾಡುತ್ತಿದೆ. ಬಸ್ಸಿನಲ್ಲಿ ಒಬ್ಬ ಕಾಣುತ್ತಾನೆ. ಪರಿಚಯದವನೇ, ಅದರಲ್ಲಿ ಅನುಮಾನವಿಲ್ಲ. ಯಾರು ಅಂತ ಹೊಳೆಯುವುದಿಲ್ಲ. ತುಂಬ ಹೊತ್ತಾದ ಮೇಲೆ ಗೊತ್ತಾಗುತ್ತದೆ: ಮಾಂಸದ ಅಂಗಡಿಯವನು! ಅಂಗಡಿಯಲ್ಲಿ ಕಂಡಿದ್ದರೆ ಒಂದು ಕ್ಷಣವೂ ಬೇಕಿರಲಿಲ್ಲ.

"ನೋಡಿದ ಹಾಗಿದೆ" ಅನ್ನುವ ಭಾವನೆ ಬಿಡಿ ವಸ್ತುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಜೋಡಿಗೆ ಅದು ಸಾಲದು. ಮದುವೆಮನೆಯಲ್ಲಿ ಎಲ್ಲರೂ ನೋಡಿದ ಹಾಗೇ ಇರುತ್ತಾರೆ. ಯಾವ ಇಬ್ಬರನ್ನು ಜೊತೆಗೆ ನಿಲ್ಲಿಸಿದರೂ ಮನಸ್ಸು "ಹೂಂ, ಗೊತ್ತು" ಅನ್ನುತ್ತದೆ. ನಿಜವಾದ ಜೋಡಿಯನ್ನು ಕಲಸಿದ ಜೋಡಿಯಿಂದ ಬೇರೆ ಮಾಡಬೇಕಾದರೆ ಎರಡನೇ ದಾರಿಯೇ ಬೇಕು, ಸಂದರ್ಭ ನೆನಪಿಗೆ ಬರಲೇಬೇಕು.

ಆ ದಾರಿ ನಿಧಾನದ್ದು. 1989ರಲ್ಲಿ ಗ್ರಾನ್‌ಲಂಡ್ ಮತ್ತು ರಾಟ್‌ಕ್ಲಿಫ್ ಎಂಬ ಇಬ್ಬರು ಇದನ್ನು ಅಳೆದರು. ಪದ ತೋರಿಸಿದ ಮೇಲೆ ಇಷ್ಟೇ ಹೊತ್ತಿಗೆ ಉತ್ತರ ಹೇಳಬೇಕು ಅಂತ ಗಡಿ ಹಾಕಿದರು. ಗಡಿ ತೀರಾ ಹತ್ತಿರವಿದ್ದಾಗ ಜನ "ಈ ಪದ ನೋಡಿದ್ದೆ" ಅಂತ ಹೇಳಬಲ್ಲವರಾಗಿದ್ದರು, "ಇವೆರಡು ಜೊತೆಗಿದ್ದವು" ಅಂತ ಹೇಳಲು ಆಗುತ್ತಿರಲಿಲ್ಲ. ಜೋಡಿಯ ಸುದ್ದಿ ತಲೆಗೆ ತಡವಾಗಿ ಬರುತ್ತದೆ. ಆ ತಡ ಸೆಕೆಂಡಿನ ಒಂದು ಚೂರು ಅಷ್ಟೇ. ಆದರೆ ನಾಲಿಗೆ ಅದಕ್ಕಿಂತ ಮುಂದೆ ಓಡಿದರೆ "ಬಾಣಂತಿ ಹೇಗಿದ್ದಾಳಪ್ಪ" ಆಗಿಬಿಡುತ್ತದೆ, ಅಲ್ವಾ?

ಜೋಡಿ ತಪ್ಪು ಅಂತ ಹಿಡಿಯುವುದರಲ್ಲಿ ಒಂದು ಸೊಗಸಾದ ಉಪಾಯ ಇದೆ. ಮನಸ್ಸು ಅದನ್ನು ತಾನೇ ಮಾಡುತ್ತದೆ. "ಕೊಡೆ–ಎಮ್ಮೆ ಇತ್ತಾ?" ಅಂತ ಕೇಳಿದರೆ ಜಾಣರು ಕೊಡೆ–ಎಮ್ಮೆಯನ್ನೇ ನೋಡುತ್ತಾ ಕೂರುವುದಿಲ್ಲ. ಕೊಡೆಯನ್ನು ಹಿಡಿದು ಒಳಗೆ ಹೋಗುತ್ತಾರೆ. ಕೊಡೆ ಜೊತೆ ಏನಿತ್ತು? ಬೆಲ್ಲ. ಹಾಗಾದರೆ ಎಮ್ಮೆ ಇರೋಕೆ ಸಾಧ್ಯವಿಲ್ಲ. ನಿಜವಾದ ಜೊತೆಗಾರನನ್ನು ಕರೆತಂದು ಸುಳ್ಳು ಜೊತೆಗಾರನನ್ನು ಆಚೆ ಕಳಿಸುವುದು. ಇದನ್ನು ನೀವು ಬೇಕೆಂದೇ ಮಾಡಬಹುದು. "ಇವರ ಹೆಂಡತಿ ಸುಮಾ ಅಲ್ವಾ?" ಅಂತ ನಿಮಗೆ ನೀವೇ ಕೇಳಿಕೊಳ್ಳಬೇಡಿ. ಆ ಪ್ರಶ್ನೆಗೆ ಮನಸ್ಸು ಸುಮ್ನೆ ಹೌದು ಅನ್ನುತ್ತದೆ. "ಇವರ ಹೆಂಡತಿ ಯಾರು?" ಅಂತ ಕೇಳಿಕೊಳ್ಳಿ. ಉತ್ತರ ಬರದಿದ್ದರೆ ಬಾಣಂತಿ ವಿಷಯ ಎತ್ತಬೇಡಿ. "ಊಟ ಆಯ್ತಾ?" ಸಾಕು.

ಈ ಗಂಟು ಹಾಕುವ ಕೆಲಸ ಮಿದುಳಿನಲ್ಲಿ ಎಲ್ಲಿ ನಡೆಯುತ್ತದೆ? ಕಿವಿಯ ನೇರಕ್ಕೆ, ಒಳಗಡೆ, ಎರಡೂ ಬದಿಗೆ ಹಿಪ್ಪೋಕ್ಯಾಂಪಸ್ ಅನ್ನುವ ಭಾಗ ಇದೆ. ಸಮುದ್ರಕುದುರೆಯ ಆಕಾರ, ಹೆಸರೂ ಅದರದ್ದೇ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ತರುಣನಿಗೆ ಮೂರ್ಛೆರೋಗ ನಿಲ್ಲಿಸಲು ಆಪರೇಷನ್ ಮಾಡಿದಾಗ, ಎರಡೂ ಬದಿಯಲ್ಲಿ ಈ ಭಾಗವನ್ನೂ ಅದರ ಅಕ್ಕಪಕ್ಕವನ್ನೂ ಬಹುಮಟ್ಟಿಗೆ ತೆಗೆದರು. ಮೂರ್ಛೆ ಕಡಿಮೆಯಾಯಿತು. ಮಾತು, ಬುದ್ಧಿ ಚೆನ್ನಾಗೇ ಇದ್ದವು. ಹೊಸ ಘಟನೆಗಳ ನೆನಪು ಮಾತ್ರ ಮತ್ತೆ ಕೂಡಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಹಾಗೇ ಇತ್ತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಅವರ ಜೊತೆ ಕೆಲಸ ಮಾಡಿದರು. ಪ್ರತಿ ಸಲವೂ ಮೊದಲಿಂದ ಪರಿಚಯ ಹೇಳಿಕೊಳ್ಳಬೇಕಿತ್ತು.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದ ಸಾಕ್ಷಿ 1997ರಲ್ಲಿ ಲಂಡನ್ನಿನಿಂದ ಬಂತು. ಚಿಕ್ಕಂದಿನಲ್ಲೇ ಹಿಪ್ಪೋಕ್ಯಾಂಪಸ್‌ಗೆ ಪೆಟ್ಟಾಗಿದ್ದ ಮೂವರು ಎಳೆಯರನ್ನು ವರ್ಗಾ-ಖಾದೆಮ್ ಅವರ ತಂಡ ಪರೀಕ್ಷಿಸಿತು. ಮೂವರೂ ಸಾಮಾನ್ಯ ಶಾಲೆಗೇ ಹೋಗಿದ್ದರು, ಓದು ಬರಹ ಕಲಿತಿದ್ದರು. ಬಿಡಿ ಪದ, ಬಿಡಿ ಮುಖ ತೋರಿಸಿದರೆ ಗುರುತಿಸುತ್ತಿದ್ದರು. ಯಾವ ವಸ್ತು ಯಾವ ಜಾಗದಲ್ಲಿತ್ತು, ಯಾವ ಮುಖಕ್ಕೆ ಯಾವ ದನಿ ಅಂತ ಕೇಳಿದರೆ ಸೋಲುತ್ತಿದ್ದರು. ವಸ್ತು ಬೇರೆ, ಗಂಟು ಬೇರೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ನಿಮಗೆ ಹಾಗೆ ಏನೋ ಪೆಟ್ಟಾಗಿದೆ ಅಂತ ನಾನು ಹೇಳುತ್ತಿಲ್ಲ, ಗಾಬರಿ ಬೇಡ. ವಯಸ್ಸಾಗುವಾಗ ಆರೋಗ್ಯವಂತರಲ್ಲೂ ಮೊದಲು ಸಡಿಲವಾಗುವುದರಲ್ಲಿ ಈ ಗಂಟೂ ಒಂದು. ಮೋಶೆ ನವೆ-ಬೆಂಜಮಿನ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಈ ಮಾತನ್ನು ಗಟ್ಟಿಯಾಗಿ ಮಂಡಿಸಿದರು. 2004ರಲ್ಲಿ ಅವರ ತಂಡ ಕಾಲೇಜು ಹುಡುಗರಿಗೂ ಹಿರಿಯರಿಗೂ ಮುಖ ಮತ್ತು ಹೆಸರು ಜೊತೆಯಾಗಿ ತೋರಿಸಿತು. ಮುಖ ಮಾತ್ರ ಕೇಳಿದಾಗ, ಹೆಸರು ಮಾತ್ರ ಕೇಳಿದಾಗ ಇಬ್ಬರ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಯಾವ ಮುಖಕ್ಕೆ ಯಾವ ಹೆಸರು ಅಂದಾಗ ಹಿರಿಯರು ಚೆನ್ನಾಗೇ ಹಿಂದೆ ಬಿದ್ದರು. ನಿಮ್ಮ ಪತ್ರದಲ್ಲಿ ಮದುವೆಮನೆಯ ಸಾಲುಗಳನ್ನು ಓದಿದಾಗ ನನಗೆ ಆ ಫಲಿತಾಂಶವನ್ನೇ ಓದಿದ ಹಾಗಾಯಿತು.

ಇನ್ನೊಂದು ವಿಚಿತ್ರ ಇದೆ. ಮತ್ತೆ ಮತ್ತೆ ನೋಡಿದರೆ ನೆನಪು ಗಟ್ಟಿಯಾಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಕಾಲ್ಕಿನ್ಸ್ ಕೂಡ ಅದನ್ನೇ ಕಂಡಿದ್ದರು. ಆದರೆ 2004ರಲ್ಲಿ ಲೀಆ ಲೈಟ್ ಮತ್ತು ಜೊತೆಯವರು ಹಿರಿಯರಿಗೂ ಎಳೆಯರಿಗೂ ಕೆಲವು ಜೋಡಿಗಳನ್ನು ಒಂದು ಸಲ, ಕೆಲವನ್ನು ಹಲವು ಸಲ ತೋರಿಸಿದರು. ಹಲವು ಸಲ ನೋಡಿದ ನಿಜವಾದ ಜೋಡಿಗಳನ್ನು ಹಿರಿಯರು ಚೆನ್ನಾಗಿ ಗುರುತಿಸಿದರು, ಸರಿ. ಅದೇ ಪದಗಳನ್ನು ಕಲಸಿ ಕೊಟ್ಟಾಗ ತಪ್ಪುಗಳೂ ಜಾಸ್ತಿಯಾದವು! ಪದಗಳು ಹೆಚ್ಚು ಹೆಚ್ಚು ಪರಿಚಯವಾದಷ್ಟೂ "ಗೊತ್ತು" ಅನ್ನುವ ಭಾವನೆ ಉಬ್ಬುತ್ತದೆ. ಅದನ್ನು ತಡೆಯಲು ಬೇಕಾದ ಗಂಟು ಅಷ್ಟೇ ವೇಗದಲ್ಲಿ ಬಿಗಿಯಾಗುವುದಿಲ್ಲ. ಎಳೆಯರಿಗೆ ಹೀಗೆ ಆಗಲಿಲ್ಲ. ಅವರಿಗೂ ಬೇಗ ಹೇಳಿ, ಬೇಗ ಹೇಳಿ ಅಂತ ಅವಸರ ಮಾಡಿದಾಗ ಮಾತ್ರ ಹಿರಿಯರ ಹಾಗೇ ಎಡವಿದರು. ಹಾಗಾಗಿ ಪ್ರತಿ ಮದುವೆಯಲ್ಲೂ ಕಾಣುವ ನೆಂಟರನ್ನೇ ನಾವು ಅದಲುಬದಲು ಮಾಡುತ್ತೇವೆ. ಅಪರೂಪಕ್ಕೆ ಕಾಣುವವರನ್ನು ಎಚ್ಚರದಿಂದ ಕೇಳಿ ತಿಳಿದುಕೊಳ್ಳುತ್ತೇವೆ.

ಹಾಗಂತ ವಯಸ್ಸಾದ ಮೇಲೆ ಯಾವ ಜೋಡಿಯೂ ನಿಲ್ಲುವುದಿಲ್ಲ ಅಂತಲ್ಲ. ಅಲನ್ ಕ್ಯಾಸೆಲ್ ಎಂಬುವರ 2005ರ ಕೆಲಸ ನನಗೆ ತುಂಬ ಇಷ್ಟ. ಅವರು ದಿನಸಿ ಸಾಮಾನು, ಅದರ ಬೆಲೆ, ಹೀಗೆ ಜೋಡಿ ಮಾಡಿದರು. ಬೆಲೆ ಅಂಗಡಿಯಲ್ಲಿ ಇರುವ ಹಾಗೇ ಇದ್ದಾಗ ಹಿರಿಯರು ಎಳೆಯರಿಗೆ ಸರಿಸಮ ನಿಂತರು. ಬೆಲೆ ಅರ್ಥವಿಲ್ಲದಷ್ಟು ಹೆಚ್ಚೋ ಕಡಿಮೆಯೋ ಇದ್ದಾಗ ಮಾತ್ರ ಹಿಂದೆ ಬಿದ್ದರು. ಸೊಪ್ಪಿನ ಕಂತೆಗೆ 20 ರೂಪಾಯಿ ಅಂದರೆ ನಿಮ್ಮ ತಲೆಯಲ್ಲಿ ಅದಕ್ಕೊಂದು ಗೂಟ ಆಗಲೇ ಇದೆ, ನೇತುಹಾಕಿದರೆ ಆಯಿತು. 730 ರೂಪಾಯಿ ಅಂದರೆ ಗೂಟವೇ ಇಲ್ಲ.

ಹೆಸರುಗಳ ಕಷ್ಟವೇ ಇದು. ಮುಖಕ್ಕೂ ಹೆಸರಿಗೂ ನಡುವೆ ಕಾರಣ ಅನ್ನುವುದೇ ಇರುವುದಿಲ್ಲ. 1987ರಲ್ಲಿ ಬ್ರಿಟನ್ನಿನಲ್ಲಿ ಒಂದು ಮಜವಾದ ಪ್ರಯೋಗ ನಡೆಯಿತು. ಅಲ್ಲಿ ಬೇಕರ್ ಅನ್ನುವುದು ಮನೆತನದ ಹೆಸರೂ ಹೌದು, ಬ್ರೆಡ್ ಮಾಡುವವನೂ ಹೌದು. ಒಂದು ಮುಖ ತೋರಿಸಿ "ಇವರ ಕಸುಬು ಬೇಕರ್" ಅಂದರೆ ಜನ ನೆನಪಿಟ್ಟುಕೊಂಡರು. ಅದೇ ಪದವನ್ನೇ "ಇವರ ಹೆಸರು ಬೇಕರ್" ಅಂದರೆ ಮರೆತರು. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಕಮ್ಮಾರ, ಪತ್ತಾರ ಇದ್ದಾರಲ್ಲ, ಅದೇ ಕಥೆ. "ಅವರು ಬಡಿಗೇರು" ಅಂದರೆ ಉಳಿ, ಗರಗಸ, ಹೊಟ್ಟು, ಮರದ ವಾಸನೆ, ಮನೆ ಬಾಗಿಲು, ಎಲ್ಲ ಒಟ್ಟಿಗೆ ಬರುತ್ತವೆ. ಗಂಟು ಹಾಕಲು ಹತ್ತು ದಾರ ಸಿಗುತ್ತದೆ. "ಅವರ ಹೆಸರು ಬಡಿಗೇರ, ಬ್ಯಾಂಕಿನಲ್ಲಿ ಇದ್ದಾರೆ" ಅಂದರೆ ಒಂದೇ ದಾರ, ಅದೂ ನುಣುಪು.

ಇದಕ್ಕೆ ನಮ್ಮ ಹಳ್ಳಿಗಳು ಯಾವ ಪ್ರಯೋಗಾಲಯದ ಹಂಗೂ ಇಲ್ಲದೆ ಮದ್ದು ಕಂಡುಕೊಂಡಿದ್ದವು. ಬರೀ ಗೋಪಾಲ ಇಲ್ಲ, ಅಂಚೆ ಗೋಪಾಲ. ಬರೀ ಶಾರದಮ್ಮ ಇಲ್ಲ, ಬಳೆ ಶಾರದಮ್ಮ. ಹೋಟೆಲ್ ರಾಮಣ್ಣ, ಕೆರೆಮನೆ ಸುಬ್ಬಣ್ಣ. ಊರಿನಲ್ಲಿ ನಾಲ್ಕು ಗೋಪಾಲರಿದ್ದಾಗ ಯಾರು ಅಂತ ಗೊತ್ತಾಗಲಿ ಅಂತ ಇಟ್ಟದ್ದು ಇರಬಹುದು. ಆದರೆ ನೆನಪಿಗೂ ಅದು ದೊಡ್ಡ ಉಪಕಾರ ಮಾಡಿತು. ಮನುಷ್ಯ, ಅವನ ಕೆಲಸ, ಅವನ ಹೆಸರು ಬೆಸೆದು ಒಂದೇ ಪದವಾಯಿತು.

ಬೆಸುಗೆ ಅಂದೆ, ಅದು ಸುಮ್ನೆ ಆಡಿದ ಮಾತಲ್ಲ. ನೀವು ಮಕ್ಕಳಿಗೆ ಸಮಾಸ ಹೇಳಿಕೊಟ್ಟಿರುತ್ತೀರಿ. ಹಿರಿದು ಮತ್ತು ಜೇನು ಸೇರಿ ಹೆಜ್ಜೇನು. ಹೆಜ್ಜೇನು ಅಂದಾಗ ನಮಗೆ ಎರಡು ಪದ ಕಾಣುವುದಿಲ್ಲ, ಒಂದು ಜೇನು ಕಾಣುತ್ತದೆ. ಜೋಡಿಯನ್ನು ಹೀಗೆ ಒಂದೇ ವಸ್ತುವಾಗಿ ಬೆಸೆದುಬಿಟ್ಟರೆ ಆ ನಿಧಾನದ ದಾರಿಯ ಮೇಲೆ ಅಷ್ಟಾಗಿ ಭಾರ ಬೀಳುವುದಿಲ್ಲ. "ನೋಡಿದ ಹಾಗಿದೆ" ಅನ್ನುವ ಸುಲಭದ ದಾರಿಯೇ ಕೆಲಸ ಮಾಡಿಕೊಡುತ್ತದೆ. 2007ರಲ್ಲಿ ಹಿಪ್ಪೋಕ್ಯಾಂಪಸ್ ಹಾಳಾಗಿದ್ದವರ ಮೇಲೆ ಇದನ್ನು ಪರೀಕ್ಷಿಸಿದರು. ಸಂಬಂಧವಿಲ್ಲದ ಎರಡು ಪದ ಕೊಟ್ಟು, ಅವೆರಡೂ ಸೇರಿ ಒಂದು ಹೊಸ ಪದ ಅಂತ ಅದಕ್ಕೊಂದು ಅರ್ಥವನ್ನೂ ಕೊಟ್ಟರು. ಅದೇ ಪದಗಳನ್ನು ಒಂದು ವಾಕ್ಯದಲ್ಲಿ ಬೇರೆ ಬೇರೆಯಾಗಿ ಕೊಟ್ಟಾಗಿನದಕ್ಕಿಂತ ಹೀಗೆ ಬೆಸೆದು ಕೊಟ್ಟಾಗ ಜೋಡಿಗಳು ಅವರಿಗೆ ಚೆನ್ನಾಗಿ ಗುರುತು ಸಿಕ್ಕವು. ಹಾಗಾಗಿ ಮುಂದಿನ ಮದುವೆಗೆ ಹೋಗುವ ಮುಂಚೆ ಮನಸ್ಸಿನಲ್ಲೇ ಅಡ್ಡಹೆಸರು ಇಟ್ಟುಕೊಳ್ಳಿ. 'ಟ್ರಾಕ್ಟರ್ ಸುಮಾ', 'ಎಲ್‌ಐಸಿ ಮಹೇಶ'. ಬಾಯಿಗೆ ಬರದ ಹಾಗೆ ನೋಡಿಕೊಂಡರೆ ಆಯಿತು!

ಈಗ ಮೊಮ್ಮಗ. ಅವನ ಹಿಪ್ಪೋಕ್ಯಾಂಪಸ್ಸಿಗೆ ಏನೂ ಆಗಿಲ್ಲ. ಅವನು ಓದುವ ರೀತಿಯಲ್ಲಿ ಗಂಟು ಬೀಳುತ್ತಿಲ್ಲ. ಒಂದು ಪಂದ್ಯ ಕಟ್ಟುತ್ತೇನೆ. ಅವನು ಕೃಷ್ಣರಾಜಸಾಗರವನ್ನು ಕೃಷ್ಣಾ ನದಿಗೆ ಹೊಂದಿಸಿರುತ್ತಾನೆ. ಹೌದಾ? ಈ ತಪ್ಪು ಮಾಡದ ಮಕ್ಕಳು ಕಡಿಮೆ. ಹೆಸರೇ ಬಲೆ ಬೀಸುತ್ತದೆ. ಕೃಷ್ಣಾ ಆಗಲೇ ಖರ್ಚಾಗಿರುವುದರಿಂದ ಆಲಮಟ್ಟಿಗೆ ಕಾವೇರಿಯನ್ನು ಕಟ್ಟುತ್ತಾನೆ. ಹೊಂದಿಸಿ ಬರೆಯುವುದರಲ್ಲಿ ಒಂದು ತಪ್ಪು ಒಂಟಿಯಾಗಿ ಬರುವುದಿಲ್ಲ, ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ನಾಲ್ಕು ಗೊತ್ತಿದ್ದರೆ ಐದನೆಯದು ಪುಕ್ಕಟೆ ಬರುತ್ತದೆ ಅನ್ನುವುದೂ ನಿಜವೇ. ಅದಕ್ಕೇ ಆ ಪ್ರಶ್ನೆ ಮಕ್ಕಳಿಗೆ ಗೊತ್ತಿರುವುದನ್ನು ಸರಿಯಾಗಿ ಅಳೆಯುತ್ತದೆ ಅಂತ ನನಗೆ ಅನ್ನಿಸಿಲ್ಲ. ಇಷ್ಟು ವರ್ಷ ಪ್ರಶ್ನೆಪತ್ರಿಕೆ ತಯಾರಿಸಿದ ನಿಮ್ಮ ಮುಂದೆ ಇದನ್ನು ಹೇಳುವುದು ಸ್ವಲ್ಪ ಜಾಸ್ತಿಯಾಯಿತೇನೋ.

ಬಹುಶಃ ಅವನು ಓದುವುದು ಹೀಗಿರುತ್ತದೆ: ಗೈಡ್ ತೆಗೆದು, ಪಟ್ಟಿಯನ್ನು ಮೇಲಿಂದ ಕೆಳಗೆ ಹತ್ತು ಸಲ ಓದುವುದು. ಲಿಂಗನಮಕ್ಕಿ, ಸೂಪಾ, ಆಲಮಟ್ಟಿ, ಹಿಡಕಲ್. ಶರಾವತಿ, ಕಾಳಿ, ಕೃಷ್ಣಾ, ಘಟಪ್ರಭಾ. ಇದರಿಂದ ಪದಗಳು ಪರಿಚಯವಾಗುತ್ತವೆ, ಗಂಟು ಬೀಳುವುದಿಲ್ಲ. ಪುಸ್ತಕ ಮುಚ್ಚಿ, ಒಂದನ್ನು ಕೇಳಿ ಇನ್ನೊಂದನ್ನು ಹೇಳಿಸಬೇಕು. 2008ರಲ್ಲಿ ಕಾರ್ಪಿಕಿ ಮತ್ತು ರೋಡಿಗರ್ ಅಮೆರಿಕದ ವಿದ್ಯಾರ್ಥಿಗಳಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದಗಳನ್ನು ಇಂಗ್ಲಿಷ್ ಅರ್ಥದ ಜೊತೆ ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಮೇಲೂ ಕೆಲವರಿಗೆ ಅದೇ ಪದಗಳನ್ನು ಮತ್ತೆ ಮತ್ತೆ ಕೇಳುತ್ತಲೇ ಇದ್ದರು. ಕೆಲವರಿಗೆ ಕೇಳುವುದು ನಿಲ್ಲಿಸಿ ಓದಲು ಮಾತ್ರ ಕೊಟ್ಟರು. ವಾರದ ನಂತರ ಕೇಳಿಸಿಕೊಂಡವರಿಗೆ ನೂರಕ್ಕೆ ಸುಮಾರು 80 ನೆನಪಿತ್ತು. ಓದಿಕೊಂಡೇ ಇದ್ದವರಿಗೆ ಅದರ ಅರ್ಧಕ್ಕಿಂತಲೂ ಕಡಿಮೆ. ತಮಾಷೆ ಏನೆಂದರೆ, ವಾರದ ನಂತರ ಎಷ್ಟು ನೆನಪಿರುತ್ತೆ ಅಂತ ಮೊದಲೇ ಕೇಳಿದಾಗ ಎರಡೂ ಗುಂಪಿನವರು ಹೆಚ್ಚುಕಮ್ಮಿ ಒಂದೇ ಉತ್ತರ ಕೊಟ್ಟಿದ್ದರು. ಓದಿದ್ದು ಗಟ್ಟಿಯಾಗಿದೆಯಾ ಅಂತ ನಮಗೆ ನಮ್ಮದೇ ಅಂದಾಜು ಸಿಗುವುದಿಲ್ಲ.

ಎರಡೂ ಕಡೆಯಿಂದ ಕೇಳಿ. "ಸೂಪಾ ಯಾವ ನದಿಗೆ?" ಒಂದು ದಿನ. "ಕಾಳಿ ನದಿಗೆ ಯಾವ ಅಣೆಕಟ್ಟು?" ಇನ್ನೊಂದು ದಿನ. ನೀವು ಅಡುಗೆ ಮಾಡುವಾಗ, ಅವನು ಶೂ ಹಾಕಿಕೊಳ್ಳುವಾಗ, ನಡುವೆ ನಡುವೆ ಕೇಳಿ. ಒಂದೇ ಕೂಟದಲ್ಲಿ ಹತ್ತು ಸಲ ಕೇಳುವುದಕ್ಕಿಂತ ನಾಲ್ಕು ದಿನ ಬಿಟ್ಟು ಬಿಟ್ಟು ಕೇಳಿದ್ದು ನಿಲ್ಲುತ್ತದೆ.

ಕಾರಣ ಸಿಗುವ ಕಡೆ ಕಾರಣ ಕೊಡಿ. ಕೃಷ್ಣರಾಜಸಾಗರದ ಕೃಷ್ಣರಾಜ ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರು, ನದಿಯಲ್ಲ. ಅದು ಮೈಸೂರಿನ ಪಕ್ಕದಲ್ಲಿದೆ, ಕೃಷ್ಣಾ ಅಷ್ಟು ದೂರ ಹೇಗೆ ಬರುತ್ತಾಳೆ? ಇಷ್ಟು ಹೇಳಿದರೆ ಆ ತಪ್ಪು ಮತ್ತೆ ಆಗುವುದು ಕಷ್ಟ. ಕಾರಣ ಸಿಗದ ಕಡೆ ಚಿತ್ರ ಕಟ್ಟಿಸಿ. ಆದರೆ ಒಂದು ಷರತ್ತು ಇದೆ. ಗಾರ್ಡನ್ ಬವರ್ 1970ರಲ್ಲೇ ತೋರಿಸಿದ್ದು ಇದು: ಎರಡೂ ವಸ್ತುಗಳನ್ನು ಪಕ್ಕಪಕ್ಕ ಬಿಡಿಬಿಡಿಯಾಗಿ ಕಲ್ಪಿಸಿಕೊಂಡವರಿಗೆ ಬಾಯಿಪಾಠ ಮಾಡಿದವರಿಗಿಂತ ಹೆಚ್ಚೇನೂ ಲಾಭ ಸಿಗಲಿಲ್ಲ. ಒಂದು ಇನ್ನೊಂದಕ್ಕೆ ಏನಾದರೂ ಮಾಡುತ್ತಿರುವ ಹಾಗೆ ಕಲ್ಪಿಸಿಕೊಂಡವರಿಗೆ ಸುಮಾರು ಎರಡರಷ್ಟು ನೆನಪಿತ್ತು. ಏಣಿ ಒಂದು ಕಡೆ, ಮಜ್ಜಿಗೆ ಲೋಟ ಒಂದು ಕಡೆ ಇದ್ದರೆ ಉಪಯೋಗವಿಲ್ಲ. ಏಣಿ ಮೇಲೆ ನಿಂತು ಯಾರೋ ಮಜ್ಜಿಗೆ ಸುರಿಯಬೇಕು, ಮೆಟ್ಟಿಲು ಮೆಟ್ಟಿಲಿಗೂ ಸೋರಬೇಕು. ಸೂಪಾ–ಕಾಳಿಗೆ? ಕಾಳಿ ದೇವಿ ಬಿಸಿಬಿಸಿ ಸೂಪು ಕುಡಿಯುತ್ತಿದ್ದಾಳೆ ಅಂತ ನನ್ನ ವಿದ್ಯಾರ್ಥಿಯೊಬ್ಬ ಹೇಳಿದ. ಆ ದಿನದಿಂದ ನನಗೂ ಮರೆತಿಲ್ಲ.

ಮೊಮ್ಮಗನಿಗೆ ಬಾರದ ಒಂದು ತೊಂದರೆ ನಿಮಗೆ ಬರಬಹುದು. ನೀವು ವರ್ಷಗಟ್ಟಲೆ "ಹೊಸಪೇಟೆ ಬಳ್ಳಾರಿ ಜಿಲ್ಲೆ" ಅಂತ ಪಾಠ ಮಾಡಿದ್ದೀರಿ. 2021ರಿಂದ ಅದು ವಿಜಯನಗರ ಜಿಲ್ಲೆ. ಒಂದೇ ಗೂಟಕ್ಕೆ ಹಳೆ ದಾರ ಇರುವಾಗಲೇ ಹೊಸ ದಾರ ಕಟ್ಟಬೇಕು. ಹಳೆಯದು ಬಿಡುವುದಿಲ್ಲ, ಹೊಸದು ನಿಲ್ಲುವುದಿಲ್ಲ. ನೆಂಟರಲ್ಲೂ ಹೀಗೇ. ಸೊಸೆ ಬೇರೆ ಊರಿಗೆ ಹೋದಳು, ಅಳಿಯ ಕೆಲಸ ಬಿಟ್ಟ, ಫೋನ್ ನಂಬರ್ ಬದಲಾಯಿತು. ವಯಸ್ಸಾದವರ ತಲೆ ಖಾಲಿಯಾಗಿರುವುದಿಲ್ಲ, ಗೂಟಕ್ಕೆಲ್ಲ ಹತ್ತು ಹತ್ತು ದಾರ ಸುತ್ತಿಕೊಂಡಿರುತ್ತವೆ.

ಮಾತ್ರೆಯ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ಇವತ್ತು ಬಿಪಿ ಮಾತ್ರೆ ತಗೊಂಡೆನಾ?" ಅನ್ನುವುದೂ ಜೋಡಿಯ ಪ್ರಶ್ನೆಯೇ. ಮಾತ್ರೆ ಪರಿಚಯ, ತಗೊಳ್ಳುವುದು ಪರಿಚಯ, 'ಇವತ್ತು' ಅನ್ನುವ ಗಂಟು ಮಾತ್ರ ಸಿಗುವುದಿಲ್ಲ. ಇಲ್ಲಿ ನೆನಪಿನ ಜೊತೆ ಕುಸ್ತಿ ಆಡಬೇಡಿ. ವಾರದ ಏಳು ದಿನಕ್ಕೆ ಏಳು ಖಾನೆ ಇರುವ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ತಂದಿಟ್ಟುಕೊಳ್ಳಿ.

ಕೊನೆಗೆ ನಿಮ್ಮ ಮುಖ್ಯ ಭಯ. ನೀವು ಬರೆದಿರುವಷ್ಟರಲ್ಲಿ ನನಗೆ ಕಾಯಿಲೆ ಕಾಣುತ್ತಿಲ್ಲ. ಆದರೆ ಕಾಗದ ನೋಡಿ ಯಾರೂ ಖಚಿತ ಹೇಳಬಾರದು. ಜೋಡಿ ಪದಗಳ ಪರೀಕ್ಷೆಯನ್ನು ಡಾಕ್ಟರುಗಳು ಮರೆವಿನ ಕಾಯಿಲೆ ಬೇಗ ಪತ್ತೆ ಮಾಡಲು ಬಳಸುವುದು ನಿಜ. ಆಲ್ಜೈಮರ್ ಮೊದಮೊದಲು ಮುಟ್ಟುವುದು ಹಿಪ್ಪೋಕ್ಯಾಂಪಸ್ಸಿನ ಸುತ್ತಮುತ್ತಲನ್ನೇ. ಅಲ್ಲಿ ತೊಂದರೆ ಗಂಟಿನಲ್ಲಿ ನಿಲ್ಲುವುದಿಲ್ಲ. ಮದುವೆಗೆ ಹೋಗಿದ್ದೇ ಮರೆತುಹೋಗುತ್ತದೆ. ಕೇಳಿದ್ದನ್ನೇ ಅರ್ಧ ಗಂಟೆಯಲ್ಲಿ ಮೂರು ಸಲ ಕೇಳುವುದು, ದಿನಾ ಓಡಾಡುವ ದಾರಿ ತಪ್ಪುವುದು, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಹಿಡಿಯದಿರುವುದು, ನಿಮಗಿಂತ ಮೊದಲು ಮನೆಯವರಿಗೆ ಆತಂಕ ಆಗುವುದು, ಇಂಥದ್ದೇನಾದರೂ ಇದ್ದರೆ ತಡ ಮಾಡದೆ ನರರೋಗ ತಜ್ಞರಿಗೋ, ನಿಮ್ಹಾನ್ಸ್‌ನಂಥ ಕಡೆಗೋ ತೋರಿಸಿ. ಏನೂ ಇಲ್ಲದಿದ್ದರೂ ಬಿ12, ಥೈರಾಯ್ಡ್ ಒಮ್ಮೆ ಪರೀಕ್ಷೆ ಮಾಡಿಸಿ. ಇವು ಏರುಪೇರಾದರೂ ಮರೆವು ಬರುತ್ತದೆ, ಔಷಧಿಯಿಂದ ಸರಿಹೋಗಬಹುದು. ಕಿವಿಯನ್ನೂ ತೋರಿಸಿ. ವಾಲಗದ ಸದ್ದಿನಲ್ಲಿ "ಇವಳು ಮಹೇಶನ ಹೆಂಡತಿ" ಅಂತ ಯಾರೋ ಹೇಳಿದ್ದು ಅರ್ಧ ಕೇಳಿಸಿದ್ದರೆ ಗಂಟು ಬೀಳುವುದಕ್ಕೆ ದಾರವೇ ಇರುವುದಿಲ್ಲ.

ಆ ಬಾಣಂತಿಯ ಪ್ರಸಂಗದ ಬಗ್ಗೆ ತುಂಬ ಕೊರಗಬೇಡಿ. ಖಚಿತವಾಗಿ ಗೊತ್ತು ಅಂದುಕೊಂಡು ಹೇಳಿದ್ದು ತಪ್ಪು ಅಂತ ತಿಳಿದಾಗ, ಸರಿಯಾದ ಉತ್ತರ ಬೇರೆ ತಪ್ಪುಗಳಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ ಅಂತ 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್ಕಾಫ್ ಕಂಡುಕೊಂಡರು. ಬೆಚ್ಚಿಬಿದ್ದ ಮನಸ್ಸು ಆ ಕ್ಷಣ ಚೆನ್ನಾಗಿ ಕಿವಿಗೊಡುತ್ತದೆ. ಆಮೇಲೆ 2015ರಲ್ಲಿ ಹಿರಿಯರನ್ನೂ ಪರೀಕ್ಷಿಸಿದಾಗ, ತಪ್ಪು ತಿದ್ದಿಕೊಳ್ಳುವುದರಲ್ಲಿ ಅವರು ಎಳೆಯರಿಗಿಂತ ಹಿಂದೆ ಬೀಳಲಿಲ್ಲ. ಇವತ್ತೇ ಆ ತಮ್ಮನ ಹೆಂಡತಿಗೆ ಒಂದು ಫೋನ್ ಮಾಡಿ. ಮಗುವಿಗೆ ಏನು ಹೆಸರಿಟ್ಟರು ಅಂತ ಕೇಳಿ. ಮಾತಿನ ನಡುವೆ ಎರಡು ಸಲ ಆ ಹೆಸರು ಹಿಡಿದು ಮಾತಾಡಿ. ಫೋನ್ ಇಟ್ಟ ಮೇಲೆ ಮೊಮ್ಮಗನನ್ನು ಕರೆದು, "ಆ ಮಗು ಯಾರದು, ಕೇಳೋ ನನ್ನನ್ನ" ಅನ್ನಿ.